ನಡುವಿನ ಕುಡಿಕೆ

ಏಳು ಬೆಟ್ಟಗಳಾಚೆ, ನಮ್ಮ ನಿಮ್ಮ ಮುತ್ತಜ್ಜಂದಿರ ಮುತ್ತಜ್ಜಂದಿರೂ ಇನ್ನೂ ಕಣ್ಣು ಬಿಡದಿದ್ದ ಕಾಲದಲ್ಲಿ, ಮುಮ್ಮಡಿಪುರವೆಂಬ ಒಂದು ರಾಜ್ಯವಿತ್ತು. ಹೊಲಗಳು ಬೆಳೆಯುತ್ತಿದ್ದವು, ಹಸುಗಳು ಹಾಲು ಕೊಡುತ್ತಿದ್ದವು, ರಾಜ ಒಳ್ಳೆಯವನಾಗಿದ್ದ. ಕೊರತೆ ಅಂತ ಇದ್ದದ್ದು ಒಂದೇ. ಆ ರಾಜ್ಯದಲ್ಲಿ ಯಾರೂ ಯಾರ ಮೊದಲ ಮಾತನ್ನೂ ನಂಬುತ್ತಿರಲಿಲ್ಲ.

ಅದು ಅಲ್ಲಿಯ ಪದ್ಧತಿ. ಏನೇ ಆಗಲಿ ಮೂರು ಸಲ ಕೇಳಬೇಕು. ಮೊದಲನೆಯ ಉತ್ತರ ಅವಸರದ್ದು, ಎರಡನೆಯದು ಸಂಕೋಚದ್ದು, ಮೂರನೆಯದು ಮಾತ್ರ ನಿಜವಾದದ್ದು ಅಂತ ಅವರ ಹಿರಿಯರು ಹೇಳಿಕೊಟ್ಟಿದ್ದರು. ಊಟಕ್ಕೆ ಕೂತವನು ಉಸಿರಾಡಲಾಗದಷ್ಟು ಉಂಡು "ಸಾಕು" ಅಂದರೂ ಎಲೆಗೆ ಇನ್ನೆರಡು ಸೌಟು ಬೀಳುತ್ತಿತ್ತು. ಮದುಮಗಳು "ಒಪ್ಪಿಗೆ" ಅಂದರೆ ಒಪ್ಪಿಗೆಯಲ್ಲ, ಅದನ್ನೇ ಮೂರು ಸಲ ಅನ್ನಬೇಕು. ಚೇಳು ಕಚ್ಚಿಸಿಕೊಂಡು ಬಂದವನನ್ನೂ ವೈದ್ಯ "ಚೇಳೇನಾ?" ಅಂತ ಮೂರು ಸಲ ಕೇಳಿಯೇ ಬೇರು ಅರೆಯಲು ಕೂರುತ್ತಿದ್ದ. ಅಷ್ಟರಲ್ಲಿ ವಿಷ ಮೊಣಕೈ ದಾಟಿರುತ್ತಿತ್ತು. ಹುಟ್ಟಿದಾಗಿನಿಂದ ಹೀಗೆ ಕೇಳಿಸಿಕೊಂಡು ಬೆಳೆದ ಜನಕ್ಕೆ, ಯಾರಾದರೂ ಎರಡನೇ ಸಲ "ಹೌದಾ?" ಅಂದರೆ ಸಾಕು, ಮೊದಲು ಹೇಳಿದ್ದು ತಪ್ಪಿರಬೇಕು ಅನ್ನಿಸಿಬಿಡುತ್ತಿತ್ತು.

ಆ ಊರಿನ ಅರಮನೆಯ ಅಡುಗೆಮನೆಯಲ್ಲಿ ಬೊಮ್ಮಣ್ಣನೆಂಬ ಇಪ್ಪತ್ತೆರಡು ವರ್ಷದ ಅಡುಗೆಯವನಿದ್ದ. ಅಪ್ಪ ಇರಲಿಲ್ಲ. ಮನೆಯಲ್ಲಿ ತಾಯಿ ದ್ಯಾವಮ್ಮ, ತಂಗಿ ನೀಲಿ. ದ್ಯಾವಮ್ಮನೂ ಒಂದು ಕಾಲಕ್ಕೆ ಅರಮನೆಯಲ್ಲಿ ಸೌಟು ಹಿಡಿದವಳೇ. ಅವಳಿಗೊಂದು ಅಭ್ಯಾಸವಿತ್ತು. ಸಾರಿಗೆ ಉಪ್ಪು ಹಾಕಿದ ಕೂಡಲೇ ಒಂದು ಹರಳನ್ನು ತನ್ನ ನಾಲಗೆಯ ಮೇಲೂ ಇಟ್ಟುಕೊಳ್ಳುತ್ತಿದ್ದಳು. "ಯಾಕವ್ವ ಅದು?" ಅಂತ ಬೊಮ್ಮಣ್ಣ ಚಿಕ್ಕವನಿದ್ದಾಗ ನಗುತ್ತಾ ಕೇಳಿದ್ದ.

"ಹಾಕಿದ್ನೋ ಇಲ್ವೋ ಅಂತ ಆಮೇಲೆ ಅನುಮಾನ ಬರ್ತದೆ ಕಣೋ. ಬಾಯಲ್ಲಿ ಉಪ್ಪಿದ್ರೆ ಹಾಕಾಯ್ತು ಅಂತ ಅರ್ಥ. ಅನುಮಾನ ಬಂದ್ರೂ ಕೈ ಮತ್ತೆ ಮಡಕೆಗೆ ಹೋಗಲ್ಲ," ಅಂದಿದ್ದಳು ಅವಳು.

ನೀಲಿಗೆ ಹದಿನೆಂಟು ತುಂಬಿದಾಗ ಮದುವೆ ಗೊತ್ತಾಯಿತು. ಗಂಡು ಪಕ್ಕದ ಬೀದಿಯ ಕೆಂಚಪ್ಪ. ಚಪ್ಪರದ ತುಂಬ ಜನ. ಬೊಮ್ಮಣ್ಣ ತಾನೇ ಒಲೆ ಮುಂದೆ ನಿಂತು ಅಡುಗೆ ಮಾಡಿ, ತಾನೇ ಬಡಿಸಿದ. ಆ ಪಂಕ್ತಿಯಲ್ಲಿ ಯಾರಿಗೂ ಗುರುತಿಲ್ಲದ ಒಬ್ಬ ಮುದುಕ ಕೂತಿದ್ದ. ಬಿಳಿ ಗಡ್ಡ, ಮಡಿ ಪಂಚೆ, ಮಗುವನ್ನು ಮಲಗಿಸುವಂಥ ಮೆತ್ತನೆಯ ದನಿ. ಹೊಟ್ಟೆ ತುಂಬ ಉಂಡು, ಸಾರನ್ನು ಹೊಗಳಿ, ಕೈ ತೊಳೆದುಕೊಂಡು ಬಂದ.

ಅವನ ಹೆಸರು ಸಾವಧಾನಿ. ಬಿಳಿಕಲ್ಲು ಬೆಟ್ಟದ ಮಾಯಾವಿ. ಅದು ಆಗ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ತಾಳಿ ಕಟ್ಟುವ ಮುಂಚೆ ಬಂದ ನೆಂಟರೊಬ್ಬರು ಹೆಣ್ಣಿನ ಕಡೆಯವರಿಗೆ ಒಗಟು ಹಾಕುವುದು, ಸೋತವರು ಗೆದ್ದವರು ಕೇಳಿದ್ದನ್ನು ಕೊಡುವುದು ಆ ಊರಲ್ಲಿ ನಡೆದುಬಂದಿತ್ತು. ಕೇಳಿದರೆ ಎಷ್ಟು ಕೇಳಿಯಾರು? ಒಂದು ತೆಂಗಿನಕಾಯಿ, ಒಂದು ಕವಳೆ ವೀಳ್ಯದೆಲೆ. ಮುದುಕ ತಾನು ಒಗಟು ಹಾಕುತ್ತೇನೆ ಅಂದಾಗ ಎಲ್ಲರೂ ಖುಷಿಯಿಂದ ಸುತ್ತ ನೆರೆದರು.

"ಗೆದ್ದರೆ ಒಂದು ಗಡಿಗೆ ಮುತ್ತು ಕೊಡುತ್ತೇನೆ ಮಗು. ಸೋತರೆ?" ಅಂದ ಮುದುಕ.

"ಈ ಮನೇಲಿ ಏನಿದ್ರೂ ತಗೊಂಡು ಹೋಗಿ ಅಜ್ಜ," ಅಂದ ಬೊಮ್ಮಣ್ಣ. ಜನ ನಕ್ಕರು.

"ಹಾಗಾದರೆ ಒಂದೇ ಕಟ್ಟಳೆ. ತನ್ನ ಮಾತನ್ನು ತಾನೇ ಬಿಟ್ಟವನು ಸೋತ. ನಿನಗೂ ಅದೇ, ನನಗೂ ಅದೇ."

ಮುದುಕ ಜೋಳಿಗೆಯಿಂದ ಮೂರು ಮಣ್ಣಿನ ಕುಡಿಕೆ ತೆಗೆದು ಚಾಪೆಯ ಮೇಲೆ ಬೋರಲು ಹಾಕಿದ. ಒಂದು ನಿಂಬೆಹಣ್ಣು ತೆಗೆದು ಎಲ್ಲರಿಗೂ ತೋರಿಸಿದ. ನಡುವಿನ ಕುಡಿಕೆಯನ್ನು ಎತ್ತಿದ, ಹಣ್ಣನ್ನು ಅದರಡಿ ಇಟ್ಟ, ಮುಚ್ಚಿದ. ಆಮೇಲೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತ. ಕುಡಿಕೆಗಳನ್ನು ಅತ್ತಿತ್ತ ಸರಿಸಲಿಲ್ಲ, ಮಂತ್ರ ಹೇಳಲಿಲ್ಲ, ಊದಲಿಲ್ಲ.

"ಹಣ್ಣು ಎಲ್ಲಿದೆ?"

"ನಡುವಿನದರಲ್ಲಿ," ಅಂದ ಬೊಮ್ಮಣ್ಣ.

"ಹೌದಾ?"

ಬೊಮ್ಮಣ್ಣನ ನಗು ಅರ್ಧಕ್ಕೆ ನಿಂತಿತು. ಇದೇನು, ಇಷ್ಟು ಸುಲಭದ ಒಗಟು ಯಾರಾದರೂ ಹಾಕುತ್ತಾರಾ? ಒಂದು ಗಡಿಗೆ ಮುತ್ತು ಯಾರಾದರೂ ಸುಮ್ಮನೆ ಕೊಡುತ್ತಾರಾ? ಸುತ್ತ ನೋಡಿದ. ಜನವೆಲ್ಲ ಹುಬ್ಬು ಗಂಟಿಕ್ಕಿಕೊಂಡು ನಿಂತಿದ್ದರು. ಅವರಿಗೆ ಏನೋ ಕಂಡಿದೆ, ನನಗೆ ಮಾತ್ರ ಕಂಡಿಲ್ಲ ಅಂದುಕೊಂಡ.

"ನ... ನಡುವಿನದೇ ಅನ್ಸುತ್ತೆ."

"ಅವಸರ ಬೇಡ ಮಗು. ನಿಧಾನವಾಗಿ ಯೋಚನೆ ಮಾಡಿ ಹೇಳು. ನಿಜವಾಗಿಯೂ ನಡುವಿನದಾ?"

ಆ ದನಿಯಲ್ಲಿ ಎಷ್ಟು ಕರುಣೆಯಿತ್ತೆಂದರೆ, ತಾನು ತಪ್ಪಿದ್ದೇನೆ, ಪಾಪ ಇವನು ತನ್ನನ್ನು ಉಳಿಸಲು ನೋಡುತ್ತಿದ್ದಾನೆ ಅಂತಲೇ ಬೊಮ್ಮಣ್ಣನಿಗೆ ಅನ್ನಿಸಿತು. ಬೆವರು ಒರೆಸಿಕೊಂಡು, "ಎಡಗಡೆಯದು," ಅಂದ.

ಹಸೆಮಣೆಯ ಮೇಲಿಂದ ನೀಲಿ ಬಾಯಿ ತೆರೆದಳು. "ಅಣ್ಣ, ನಡುವಿನದು ಅಂತ ನೀನೇ..."

ಮಾತು ಮುಗಿಯಲಿಲ್ಲ. ಮುದುಕ ನಡುವಿನ ಕುಡಿಕೆ ಎತ್ತಿದ. ಹಣ್ಣು ಇಟ್ಟಲ್ಲೇ ಇತ್ತು. ಅದೇ ಗಳಿಗೆಯಲ್ಲಿ ಹಸೆಮಣೆಯ ಮೇಲಿದ್ದ ಹುಡುಗಿ ಬೆಳ್ಳಕ್ಕಿಯಾದಳು. ರೆಕ್ಕೆ ಬಡಿದು ಚಪ್ಪರದ ಮೇಲೆ ಒಂದು ಸುತ್ತು ಬಂದು, ಮುದುಕ ಎದ್ದು ಹೊರಟ ದಿಕ್ಕಿನಲ್ಲೇ ಹಾರಿಹೋದಳು. ಮಾಯಾವಿ ಮೂರು ಹೆಜ್ಜೆ ನಡೆದು ಬಿಸಿಲಿನಲ್ಲಿ ಕಾಣದಾದ.

ಈಗ ಇಲ್ಲೊಂದು ವಿಷಯ ಹೇಳಬೇಕು. ಬೊಮ್ಮಣ್ಣ ಮಾಡಿದ ದೊಡ್ಡ ತಪ್ಪು ಎಡಗಡೆಯದು ಅಂದದ್ದಲ್ಲ. ಆ ತಪ್ಪನ್ನು ಯಾರು ಬೇಕಾದರೂ ಮಾಡುತ್ತಾರೆ. ನಾನೂ ಮಾಡಿಯೇನು, ನೀವೂ ಮಾಡಿಯೀರಿ. ದೊಡ್ಡ ತಪ್ಪು ಅವನು ಆಮೇಲೆ ಮಾಡಿದ್ದು. ಮಾರನೆಯ ದಿನ ಪಕ್ಕದ ಮನೆಯ ಹೂವಾಡಿಗ ಚೌಡಪ್ಪ ಬಂದು, "ಅಷ್ಟು ಕಷ್ಟವಾಗಿತ್ತೇನಪ್ಪ ಆ ಒಗಟು? ನಾನು ಹೂವು ತರಕ್ಕೆ ಹೋಗಿದ್ದೆ, ನೋಡಲಿಲ್ಲ," ಅಂದ. ನಿಜ ಹೇಳಲು ಬೊಮ್ಮಣ್ಣನ ನಾಲಗೆ ಏಳಲಿಲ್ಲ. ಕಣ್ಣೆದುರೇ ಇಟ್ಟ ಹಣ್ಣನ್ನು ತೋರಿಸಲಾಗದೆ ತಂಗಿಯನ್ನು ಕಳಕೊಂಡೆ ಅಂತ ಯಾವ ಬಾಯಿಂದ ಹೇಳುವುದು?

"ಮಿಂಚಿನಂಗೆ ಕೈ ಆಡಿಸ್ದ ಚೌಡಣ್ಣ. ಕಂಡಿದ್ದೇ ಒಂದು, ಇದ್ದಿದ್ದೇ ಒಂದು," ಅಂದುಬಿಟ್ಟ.

ಚಪ್ಪರದಲ್ಲಿದ್ದ ಜನವೂ ಹೌದು ಹೌದು ಅಂದರು. ಅವರೂ ಹಣ್ಣನ್ನು ನೋಡಿಯೂ ಬಾಯಿ ಬಿಡದೆ ನಿಂತಿದ್ದವರೇ ತಾನೇ.

ವರ್ಷ ತಿರುಗುವಷ್ಟರಲ್ಲಿ ಅದೇ ಮುದುಕ ಚೌಡಪ್ಪನ ಮನೆಗೂ ಬಂದ. ಅದೇ ಮೂರು ಕುಡಿಕೆ, ಅದೇ ಹಣ್ಣು. ಚೌಡಪ್ಪ ಮೊದಲು ಸರಿಯಾಗಿಯೇ ಹೇಳಿದ. "ಹೌದಾ?" ಅಂದ ಕೂಡಲೇ, ಕಂಡಿದ್ದೇ ಒಂದು ಇದ್ದಿದ್ದೇ ಒಂದು ಅನ್ನುವ ಮಾತು ನೆನಪಾಗಿ ಬದಲಾಯಿಸಿದ. ಅವನ ಹೆಂಡತಿ ಸಾಕಮ್ಮ ಬಾಗಿಲಲ್ಲಿ ನಿಂತಲ್ಲೇ ಬೆಳ್ಳಕ್ಕಿಯಾಗಿ ಹಾರಿಹೋದಳು. ಚೌಡಪ್ಪನೂ ಕೇಳಿದವರಿಗೆಲ್ಲ ಒಗಟು ಬಹಳ ಕಷ್ಟ ಅಂದ. ಹೀಗೆ ಒಬ್ಬರ ನಾಚಿಕೆ ಇನ್ನೊಬ್ಬರ ಮನೆ ತೆಗೆಯಿತು. ಬೀದಿಗೊಬ್ಬರು, ಆಮೇಲೆ ಮನೆಗೊಬ್ಬರು ಹೋದರು. ಎಷ್ಟು ಜನ ಹೋದರೂ ಒಗಟು ಸುಲಭವಾಗಿತ್ತು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಬೊಮ್ಮಣ್ಣನ ಕೈ ಹಾಳಾಯಿತು. ಉಪ್ಪು ಹಾಕುತ್ತಿದ್ದ, ಹಾಕಿದೆನಾ ಅಂತ ನಿಲ್ಲುತ್ತಿದ್ದ, ಮತ್ತೆ ಹಾಕುತ್ತಿದ್ದ. ಕೆಲವು ದಿನ ಎರಡು ಸಲ ಹಾಕಿದೆ ಅಂದುಕೊಂಡು ಹಾಕುತ್ತಲೇ ಇರಲಿಲ್ಲ. ರಾಜ ಬೈಯಲಿಲ್ಲ, ಸೌಟು ಕಿತ್ತುಕೊಂಡು ಪಾತ್ರೆ ತಿಕ್ಕಲು ಹಾಕಿದ ಅಷ್ಟೆ. ಕೆಂಚಪ್ಪ ಮೂರು ವರ್ಷ ಕಾದ. ಆಮೇಲೆ ಬೇರೆ ಮದುವೆಯಾದ. ಅದನ್ನು ಯಾರೂ ತಪ್ಪು ಅನ್ನಲಿಲ್ಲ.

ನೀಲಿ ಹೋದ ಒಂಬತ್ತನೆಯ ದಿನ, ಆ ಮುದುಕ ಬಿಳಿಕಲ್ಲು ಬೆಟ್ಟದ ಮಾಯಾವಿ ಅಂತ ಊರಿಗೆ ತಿಳಿದ ಮೇಲೆ, ಬೊಮ್ಮಣ್ಣ ತಾಯಿಯ ಮುಂದೆ ನಿಂತಿದ್ದ. "ಅವ್ವ, ಆ ಬೆಟ್ಟಕ್ಕೆ ಹೋಗ್ಲಾ? ಅವಳನ್ನ ಕರ್ಕೊಂಡು ಬರ್ಲಾ?"

"ಹೋಗು," ಅಂದಳು ದ್ಯಾವಮ್ಮ.

ಅದು ಮೊದಲನೆಯ ಉತ್ತರ. ಹಿರಿಯರ ಅಪ್ಪಣೆ ಮೂರು ಸಲ ಆಗಬೇಕು. ಎರಡನೇ ಸಲ ಕೇಳಲು ಬೊಮ್ಮಣ್ಣನಿಗೆ ಧೈರ್ಯ ಬರಲಿಲ್ಲ. ಕೇಳಿ, ಅವಳು ಮತ್ತೆ ಹೋಗು ಅಂದುಬಿಟ್ಟರೆ ಹೋಗಬೇಕಾಗುತ್ತದೆ. ಹೋದರೆ ಆ ಮುದುಕನ ಮುಂದೆ ಮತ್ತೆ ಕೂರಬೇಕಾಗುತ್ತದೆ. ಮಳೆಗಾಲ ಮುಗಿಯಲಿ ಅಂದುಕೊಂಡ. ಸುಗ್ಗಿ ಮುಗಿಯಲಿ ಅಂದುಕೊಂಡ. ಐದು ವರ್ಷ ಕಳೆದ ಮೇಲೆ ಒಂದು ದಿನ ಕೇಳಿದ.

"ಹೋಗೋ," ಅಂದಳು ಅವಳು. ಅಷ್ಟು ಹೊತ್ತಿಗೆ ಅವಳ ಕಣ್ಣು ಮಂಜಾಗಿತ್ತು. ಮಗಳ ಅರಿಶಿನದ ಸೀರೆಯ ಜೋಡಿ ರವಿಕೆಯನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದಳು.

ಮೂರನೆಯದನ್ನು ಅವನು ಇನ್ನೂ ಏಳು ವರ್ಷ ಮುಂದೂಡಿದ.

ಹನ್ನೆರಡನೆಯ ವರ್ಷ ಒಂದು ಬೆಳಗ್ಗೆ ದ್ಯಾವಮ್ಮ ಮಗನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. "ಆವತ್ತು ಮೊದ್ಲು ಏನಂದೆ ನೀನು? ನಿಜ ಹೇಳು."

ಬೊಮ್ಮಣ್ಣ ಹನ್ನೆರಡು ವರ್ಷಕ್ಕೆ ಮೊದಲ ಸಲ ನಿಜ ಹೇಳಿದ. "ನಡುವಿನದು ಅಂದೆ ಅವ್ವ. ಅವನು ಕೈ ಆಡಿಸಲೇ ಇಲ್ಲ. ನಾನೇ ನೋಡಿದ್ದೆ. ಸುಮ್ನೆ ಬದಲಾಯಿಸ್ಬಿಟ್ಟೆ."

"ನಂಗೊತ್ತು. ನಾನೂ ನೋಡ್ತಿದ್ದೆ ಕಣೋ. ಕಂಬದ ಪಕ್ಕದಲ್ಲೇ ನಿಂತಿದ್ದೆ. ನಡುವಿನದೇ ಅಂತ ಒಂದು ಮಾತು ನಾನು ಕೂಗಿದ್ರೆ ಆಗ್ತಿತ್ತು. ನನ್ನ ಮಗ ಬದಲಾಯಿಸ್ತಾನೆ ಅಂದ್ರೆ ನನ್ನ ಕಣ್ಣೇ ತಪ್ಪಿರ್ಬೇಕು ಅಂದ್ಕೊಂಡೆ. ನೀನೊಬ್ನೇ ಹೊತ್ಕೊಂಡು ತಿರುಗಬ್ಯಾಡ, ಅದರಲ್ಲಿ ಅರ್ಧ ನಂದು."

ಇಬ್ಬರೂ ಅತ್ತರು. ಆಮೇಲೆ ಬೊಮ್ಮಣ್ಣ ಅವಳಿಗೆ ಗಂಜಿ ಕಾಯಿಸಲು ಒಳಗೆ ಹೋದ. ಕುಡಿಸಿ, ಬಾಯಿ ಒರೆಸಿ, ಮೂರನೇ ಸಲ ಕೇಳಿಬಿಡುತ್ತೇನೆ ಅಂತ ಗಟ್ಟಿ ಮಾಡಿಕೊಂಡ. ಗಂಜಿಯ ಬಟ್ಟಲು ಹಿಡಿದು ಬಂದು, "ಅವ್ವ, ಹೋಗ್ಲಾ?" ಅಂದ.

ಉತ್ತರ ಹೇಳಲು ಅವ್ವ ಇರಲಿಲ್ಲ. ಬಟ್ಟಲಿನ ಗಂಜಿ ಬಿಸಿಯಾಗಿಯೇ ಇತ್ತು.

ಕಾರ್ಯ ಮುಗಿದ ಮಾರನೆಯ ದಿನ ಬೊಮ್ಮಣ್ಣ ತಾಯಿಯ ಉಪ್ಪಿನ ಮಡಕೆಯಿಂದ ಮೂರು ಹರಳು ತೆಗೆದು ಪಂಚೆಯ ಅಂಚಿಗೆ ಗಂಟು ಹಾಕಿಕೊಂಡು ಹೊರಟ. ಇನ್ನು ಯಾರ ಅಪ್ಪಣೆ ಕೇಳುವುದಿತ್ತು? ನಡೆದ, ನಡೆದ, ನಡೆದ. ಮೂರನೆಯ ದಿನ ಬೆಳಗ್ಗೆ ಬಿಳಿಕಲ್ಲು ಬೆಟ್ಟದ ಬುಡ ಮುಟ್ಟಿದ. ಬರೀ ಎರಡು ದಿನ, ಇನ್ನೊಂದು ಬೆಳಗ್ಗೆ. ಆ ಬುಡದಲ್ಲಿ ಒಂದು ಕಲ್ಲಿನ ಮೇಲೆ ಕೂತು ಅವನು ದಾರಿಯನ್ನು ತಿರುಗಿ ನೋಡಿದ. ಇಷ್ಟೇ ದೂರವೇ ಅಂತ ನೆನೆದು ಹಣೆ ಚಚ್ಚಿಕೊಂಡ.

ಬೆಟ್ಟದ ಸುತ್ತ ಕಲ್ಲಿನ ಗೋಡೆ. ಗೋಡೆಗೊಂದು ಬಾಗಿಲು. ಬಾಗಿಲ ಮುಂದೆ ಒಂದು ಹುಲಿ ಕೂತಿತ್ತು. ಅದರ ಪಕ್ಕದಲ್ಲಿ ಆಳೆತ್ತರಕ್ಕೆ ಬೀಗದಕೈಗಳ ರಾಶಿ ಬಿದ್ದಿತ್ತು. ಕಬ್ಬಿಣದ್ದು, ಹಿತ್ತಾಳೆಯದು, ಮರದ್ದು. ರಾಶಿಯ ನಡುವೆ ಅಲ್ಲಲ್ಲಿ ಬಿಳಿ ಪುಕ್ಕಗಳಿದ್ದವು. ಬಾಗಿಲು ಮಾತ್ರ ತೆರೆದೇ ಇತ್ತು.

"ಈ ಬಾಗಿಲು ದಾಟೋದು ಹೇಗೆ?" ಅಂತ ಹುಲಿ ಕೇಳಿತು.

"ನಡ್ಕೊಂಡು ಹೋಗೋದು," ಅಂದ ಬೊಮ್ಮಣ್ಣ.

"ಹೌದಾ?"

ಅವನ ಕಣ್ಣು ಬೀಗದಕೈಗಳ ರಾಶಿಯ ಮೇಲೆ ಬಿತ್ತು. ಇಷ್ಟೊಂದು ಜನ ಬೀಗದಕೈ ಹುಡುಕಿಕೊಂಡು ಬಂದಿದ್ದಾರಲ್ಲ, ಅವರೆಲ್ಲ ಪೆದ್ದರೇ? ನಾನೊಬ್ಬನೇ ಬುದ್ಧಿವಂತನೇ? ಬಾಯಿ ಇನ್ನೇನು ತೆರೆಯಬೇಕು, ಅಷ್ಟರಲ್ಲಿ ಅವನ ಕೈ ತಾನಾಗಿ ಗಂಟಿಗೆ ಹೋಯಿತು. ಒಂದು ಹರಳು ಉಪ್ಪು ತೆಗೆದು ನಾಲಗೆಯ ಮೇಲೆ ಇಟ್ಟುಕೊಂಡ. ಹಾಕಾಯ್ತು, ಅಂದುಕೊಂಡ ಮನಸ್ಸಿನಲ್ಲಿ.

ಅನುಮಾನವೇನೂ ಹೋಗಲಿಲ್ಲ. ಅದು ಒಳಗೆ ಕುದಿಯುತ್ತಲೇ ಇತ್ತು. ಬಾಯಿ ಮಾತ್ರ ಮುಚ್ಚಿತ್ತು.

"ಅಷ್ಟೇನಾ?" ಅಂತ ಹುಲಿ ಮೂರನೇ ಸಲ ಕೇಳಿತು. ಬೊಮ್ಮಣ್ಣ ಮಾತಾಡಲಿಲ್ಲ. ಹುಲಿ ಅವನನ್ನು ತುಸು ಹೊತ್ತು ನೋಡಿ, ಆಕಳಿಸಿ, ಮುಂಗಾಲುಗಳ ಮೇಲೆ ತಲೆಯಿಟ್ಟಿತು. "ಹೋಗು. ನನಗೂ ಕೇಳಿ ಕೇಳಿ ಸಾಕಾಗಿದೆ," ಅಂದಿತು. ಬೊಮ್ಮಣ್ಣ ನಡೆದುಕೊಂಡು ಒಳಗೆ ಹೋದ.

ಒಳಗೆ ಒಂದು ಕೊಳ. ಕೊಳದ ದಂಡೆಯಲ್ಲಿ ಹೆಡೆಯ ಮೇಲೆ ಮಣಿ ಹೊತ್ತ ಸರ್ಪ. ಅದು ಹೆಡೆ ಬಾಗಿಸಿ ನೀರನ್ನು ತೋರಿಸಿತು.

"ನೀರಲ್ಲಿ ಕಾಣೋದು ಯಾರು?"

ಬೊಮ್ಮಣ್ಣ ಬಗ್ಗಿ ನೋಡಿದ. ನೆರೆತ ತಲೆ, ಇಳಿದ ಕೆನ್ನೆ, ನಿದ್ದೆಯಿಲ್ಲದ ಕಣ್ಣು. ಮೂವತ್ತನಾಲ್ಕು ವರ್ಷದವನ ಮುಖ ಅದು ಅಂದರೆ ಯಾರೂ ನಂಬುತ್ತಿರಲಿಲ್ಲ. ಎಷ್ಟೋ ವರ್ಷಗಳಿಂದ ಅವನು ಕನ್ನಡಿ ನೋಡಿರಲಿಲ್ಲ.

"ನಾನು," ಅಂದ.

"ಹೌದಾ? ಬೊಮ್ಮಣ್ಣ ಅಂದರೆ ಕಪ್ಪು ಕೂದಲಿನವನು, ನಗುನಗುತ್ತಾ ಬಡಿಸುವವನು ಅಂತ ಕೇಳಿದ್ದೆ. ಇವನು ತಂಗಿಯನ್ನು ಕಳೆದವನು, ಸುಳ್ಳು ಹೇಳಿದವನು, ತಾಯಿ ಹೋಗು ಅಂದರೂ ಮನೆಯಲ್ಲೇ ಕೂತವನು. ಇವನು ನೀನಾ?"

ಅಲ್ಲ ಅನ್ನಬೇಕು ಅಂತ ಅವನ ಜೀವವೆಲ್ಲ ತವಕಿಸಿತು. ಅಲ್ಲ, ಅವನು ಬೇರೆ ಯಾರೋ, ನಾನು ಆ ಮದುವೆ ಚಪ್ಪರದ ಹುಡುಗ ಅಂದುಬಿಟ್ಟರೆ ಎಷ್ಟು ಹಗುರ. ಕಣ್ಣು ಮುಚ್ಚಿ ಎರಡನೆಯ ಹರಳನ್ನು ನಾಲಗೆಯ ಮೇಲಿಟ್ಟುಕೊಂಡ. ಸರ್ಪ ಮೂರನೇ ಸಲ ಕೇಳಿತು. ಅವನು ತುಟಿ ಬಿಗಿದು ನಿಂತ. ಸರ್ಪ ಹೆಡೆ ಮಡಚಿ ಹುಲ್ಲಿನಲ್ಲಿ ಸರಿದುಹೋಯಿತು.

ಕೊಳ ದಾಟಲು ಬೇರೆ ದಾರಿಯಿರಲಿಲ್ಲ. ನೀರು ಕುತ್ತಿಗೆಯವರೆಗೆ ಬಂತು. ಆಚೆ ದಡ ಹತ್ತಿ ಪಂಚೆಯ ಗಂಟು ಬಿಚ್ಚಿ ನೋಡಿದರೆ ಮೂರನೆಯ ಹರಳು ಕರಗಿಹೋಗಿತ್ತು.

ಮುಂದೆ ದೊಡ್ಡ ತೋಟ. ಮರಮರಕ್ಕೂ ಬೆಳ್ಳಕ್ಕಿಗಳು, ನೂರಾರು. ಒಂದೂ ಸದ್ದು ಮಾಡುತ್ತಿರಲಿಲ್ಲ. ತೋಟದ ನಡುವೆ ಚಾಪೆ ಹಾಸಿಕೊಂಡು ಸಾವಧಾನಿ ಕೂತಿದ್ದ. ಅದೇ ಬಿಳಿ ಗಡ್ಡ, ಅದೇ ಮಡಿ ಪಂಚೆ. ಅವನಿಗೆ ಒಂದು ದಿನವೂ ವಯಸ್ಸಾಗಿರಲಿಲ್ಲ.

"ಬಾ ಮಗು. ತಂಗಿಯನ್ನು ಕೇಳಲು ಬಂದೆಯಾ? ಗೆದ್ದರೆ ಇವರೆಲ್ಲರೂ ನಿನ್ನ ಜೊತೆ ಬರುತ್ತಾರೆ. ಸೋತರೆ ನೀನೂ ಇಲ್ಲೇ ಒಂದು ಕೊಂಬೆ ನೋಡಿಕೋ. ಕಟ್ಟಳೆ ಗೊತ್ತಲ್ಲ?"

"ಮಾತು ಬಿಟ್ಟವನು ಸೋತ. ನಂಗೂ ಅದೇ, ನಿಮಗೂ ಅದೇ," ಅಂದ ಬೊಮ್ಮಣ್ಣ.

ಮಾಯಾವಿ ಮೂರು ಕುಡಿಕೆ ಬೋರಲು ಹಾಕಿದ. ನಿಂಬೆಹಣ್ಣು ತೋರಿಸಿದ. ನಡುವಿನ ಕುಡಿಕೆ ಎತ್ತಿ, ಹಣ್ಣು ಇಟ್ಟು, ಮುಚ್ಚಿದ. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ.

"ಎಲ್ಲಿದೆ?"

"ನಡುವಿನದರಲ್ಲಿ."

"ಹೌದಾ? ಅದೇ ಒಗಟನ್ನು ಅದೇ ಜಾಗದಲ್ಲಿ ನಾನು ಎರಡನೇ ಸಲ ಹಾಕುತ್ತೇನಾ ಮಗು? ನಾನು ಅಷ್ಟು ದಡ್ಡನಾ?"

ಬೊಮ್ಮಣ್ಣನ ಕೈ ಗಂಟಿಗೆ ಹೋಯಿತು. ಅಲ್ಲಿ ಒದ್ದೆ ಬಟ್ಟೆಯಿತ್ತು ಅಷ್ಟೆ. ಹೌದಲ್ಲ, ಎರಡನೇ ಸಲ ಅಲ್ಲೇ ಯಾಕಿಡುತ್ತಾನೆ? ಕಂಡಿದ್ದೇ ಒಂದು, ಇದ್ದಿದ್ದೇ ಒಂದು. ಅವನ ಸುಳ್ಳು ಅವನಿಗೇ ಬಂದು ಕಚ್ಚಿತು. ಎಡಗಡೆಯ ಕುಡಿಕೆ ಅವನನ್ನೇ ನೋಡುತ್ತಿರುವ ಹಾಗೆ ಕಂಡಿತು.

ಮಾಯಾವಿ ಇನ್ನೂ ಮೆತ್ತಗೆ ಹೇಳಿದ. "ಯೋಚನೆ ಮಾಡಿ ಹೇಳು. ನಿನ್ನನ್ನು ನೀನು ನಂಬುತ್ತೀಯಾ? ಹೆತ್ತ ತಾಯಿ ಎರಡು ಸಲ ಹೋಗು ಅಂದಳು. ಅವಳ ಮಾತನ್ನೇ ನೀನು ನಂಬಲಿಲ್ಲ. ಮೊದಲ ಸಲ ಅಂದಾಗಲೇ ಹೊರಟಿದ್ದರೆ ಅವಳು ಮಗಳ ಮುಖ ನೋಡುತ್ತಿದ್ದಳು. ಅಂಥವನು ಈಗ ನಡುವಿನದು ಅನ್ನುತ್ತೀಯಲ್ಲ, ನಿಜವಾಗಿಯೂ ನಡುವಿನದಾ?"

ಅದು ನಿಜವಾದ ಮಾತಾಗಿತ್ತು. ದಿಂಬಿನ ಕೆಳಗಿನ ರವಿಕೆ ನೆನಪಾಯಿತು, ಬಿಸಿ ಗಂಜಿ ನೆನಪಾಯಿತು. ಕಣ್ಣು ತುಂಬಿ ಹರಿಯಿತು. ಹರಿದ ನೀರು ಕೆನ್ನೆ ಇಳಿದು ತುಟಿಯ ಸಂದಿಗೆ ಬಂತು.

ಉಪ್ಪಾಗಿತ್ತು.

ಹಾಕಾಯ್ತು, ಅಂದುಕೊಂಡ ಬೊಮ್ಮಣ್ಣ. ತುಟಿ ಮುಚ್ಚಿಕೊಂಡ.

ತೋಟದಲ್ಲಿ ಗಾಳಿ ನಿಂತಿತು. ಮೂರು ಸಲ ಕೇಳಿಯಾಗಿತ್ತು, ಇನ್ನು ಕೇಳುವಂತಿರಲಿಲ್ಲ. ಸಾವಧಾನಿ ನಡುವಿನ ಕುಡಿಕೆಯ ಮೇಲೆ ಕೈಯಿಟ್ಟ, ಎತ್ತಿದರೆ ಆಟ ಮುಗಿಯುತ್ತದೆ ಅಂತ ಎತ್ತಲಿಲ್ಲ. ಅವನು ಕಾಯುತ್ತಲೇ ಇದ್ದ. ಬಾಯಿಯ ಉಪ್ಪು ಕರಗಿದ ಮೇಲೆ ಬೊಮ್ಮಣ್ಣನೇ ಕೇಳಿದ.

"ಅಜ್ಜ, ಹಣ್ಣು ನೀವು ಇಟ್ಟಿದ್ದೆಲ್ಲಿ?"

"ನಡುವೆ," ಅಂದ ಮಾಯಾವಿ.

"ಹೌದಾ?"

ನೂರಾರು ವರ್ಷ ಎಲ್ಲರನ್ನೂ ಕೇಳಿದವನನ್ನು ಯಾರೂ ಒಂದು ಸಲವೂ ಕೇಳಿರಲಿಲ್ಲ. ಮುದುಕನ ನಗು ಮುಖದ ಮೇಲೆ ಹಾಗೇ ನಿಂತಿತು. ಕುಡಿಕೆಯನ್ನು ನೋಡಿದ. "ನಡುವೆಯೇ ಇಟ್ಟೆ," ಅಂದ. ಸ್ವಲ್ಪ ತಡೆದು, "ಇಟ್ಟೆನಲ್ಲವೇ?" ಅಂದ.

"ನಿಧಾನವಾಗಿ ಯೋಚ್ನೆ ಮಾಡಿ ಹೇಳಿ ಅಜ್ಜ. ನಿಜವಾಗ್ಲೂ ನಡುವೇನಾ?"

ಸಾವಧಾನಿಯ ಹಣೆಯಲ್ಲಿ ಬೆವರು ಮೂಡಿತು. ಅವನ ಕೈ ನಡುವಿನ ಕುಡಿಕೆಯನ್ನು ಬಿಟ್ಟಿತು. ಎಡಕ್ಕೆ ಹೋಯಿತು. "ಎಡಗಡೆ," ಅಂದ, ಎತ್ತಿದ. ಅಲ್ಲಿ ಬರೀ ಚಾಪೆ. ಅವನ ಕಟ್ಟಳೆ ಅವನನ್ನೇ ಹಿಡಿಯಿತು. ಬಿಳಿ ಗಡ್ಡ ಉದುರಿತು, ಕಾಲು ಸಣ್ಣಗಾದವು, ಮಾಯಾವಿ ಒಂದು ಮುದಿ ಕೊಕ್ಕರೆಯಾಗಿ ಕುಂಟುತ್ತಾ ಕೊಳದ ಕಡೆ ಹೋದ. ಅಲ್ಲಿ ಒಂದು ಮೀನನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿದು, ಮತ್ತೆ ಬಿಟ್ಟ. ಈಗಲೂ ಅವನು ಅಲ್ಲೇ ಹಾಗೆಯೇ ನಿಂತಿರುತ್ತಾನಂತೆ.

ಮರಗಳಿಂದ ಜನ ಇಳಿದರು. ಗಂಡಸರು, ಹೆಂಗಸರು, ಮಕ್ಕಳು, ಹೋದಾಗ ಹೇಗಿದ್ದರೋ ಹಾಗೆಯೇ. ಹತ್ತಿರದ ಕೊಂಬೆಯಿಂದ ಅರಿಶಿನದ ಸೀರೆಯುಟ್ಟ ಹದಿನೆಂಟರ ಹುಡುಗಿ ಇಳಿದು, ಮದುವೆಯ ದಿನ ಅರ್ಧಕ್ಕೆ ನಿಂತಿದ್ದ ಮಾತನ್ನು ಮುಗಿಸಿದಳು.

"...ಅಂದ್ಯಲ್ಲ ಅಣ್ಣ."

"ಅಂದೆ ಕಣವ್ವ. ನಾನೇ ಅಂದೆ," ಅಂದ ಬೊಮ್ಮಣ್ಣ.

ನೀಲಿ ಅವನ ತಲೆ ನೋಡಿದಳು. ನಗು ಇಳಿಯಿತು. "ಇದೇನಣ್ಣ, ನಿನ್ನ ಕೂದ್ಲು?" ಆಮೇಲೆ ಅತ್ತಿತ್ತ ನೋಡಿ, "ಅವ್ವ ಬರ್ಲಿಲ್ವಾ?" ಅಂದಳು.

ಅವನು ಎರಡನೇ ಸಲ ಕೇಳಿಸಿಕೊಳ್ಳಲು ಕಾಯಲಿಲ್ಲ. ಎಲ್ಲವನ್ನೂ ಹೇಳಿದ. ಹನ್ನೆರಡು ವರ್ಷ ಅಂತ ಹೇಳಿದ, ಬರೀ ಮೂರು ದಿನದ ದಾರಿ ಅಂತಲೂ ಹೇಳಿದ. ನೀಲಿ ಮನೆಗೆ ಬರುವ ದಾರಿಯಲ್ಲಿ ಎರಡು ದಿನ ಅವನ ಮುಂದೆ ಮುಂದೆ ನಡೆದಳು. ಮೂರನೆಯ ದಿನ ಪಕ್ಕದಲ್ಲಿ ನಡೆದಳು.

ಊರ ಬಾಗಿಲಲ್ಲಿ ಜನ ಕಳಕೊಂಡವರನ್ನು ತಬ್ಬಿಕೊಂಡು ಅಳುತ್ತಿದ್ದಾಗ ಬೊಮ್ಮಣ್ಣ ಕಟ್ಟೆ ಹತ್ತಿ ನಿಂತ. "ಒಗಟು ಸುಲಭವಾಗಿತ್ತು. ಅವನು ಕೈ ಆಡಿಸಲಿಲ್ಲ. ನಂಗೆ ಉತ್ತರ ಗೊತ್ತಿತ್ತು, ನಾಚ್ಕೆ ಆಗಿ ಸುಳ್ಳು ಹೇಳ್ದೆ. ಆ ಸುಳ್ಳು ನಂಬಿ ನೀವೆಲ್ಲ ಕೆಟ್ರಿ," ಅಂದ.

ಸಾಕಮ್ಮನ ಕೈ ಹಿಡಿದುಕೊಂಡು ನಿಂತಿದ್ದ ಚೌಡಪ್ಪ ತಲೆ ತಗ್ಗಿಸಿದ. "ನಂಗೂ ಗೊತ್ತಿತ್ತು," ಅಂದ. ಹಿಂದಿನಿಂದ ಇನ್ನೊಬ್ಬರು ಅಂದರು, "ನಂಗೂ." ಅಲ್ಲಿಂದ ಇಲ್ಲಿಂದ ಅದೇ ಮಾತು ಬಂತು, ಇಡೀ ಮುಮ್ಮಡಿಪುರವೇ ಅದನ್ನು ಹೇಳಿತು. ಚೌಡಪ್ಪ ಬೊಮ್ಮಣ್ಣನ ಮೇಲೆ ಕೂಗಾಡಲಿಲ್ಲ. ಆದರೆ ಬೊಮ್ಮಣ್ಣನ ಮನೆಯಲ್ಲಿ ಮತ್ತೆ ಊಟಕ್ಕೆ ಕೂರಲು ಅವನಿಗೆ ನಾಲ್ಕು ವರ್ಷ ಹಿಡಿಯಿತು.

ಕೆಂಚಪ್ಪನಿಗೆ ನಾಲ್ಕು ಮಕ್ಕಳಾಗಿದ್ದವು. ನೀಲಿ ಅವನ ಕಡೆಯ ಮಗುವನ್ನು ಎತ್ತಿಕೊಂಡು ಮುದ್ದಾಡಿ ಕೊಟ್ಟು ಬಂದಳು. ಮುಂದೆ, ಅವಳ ಹಾಗೆಯೇ ತೋಟದ ಕೊಂಬೆಯ ಮೇಲೆ ಕೂತಿದ್ದ ಒಬ್ಬ ಹುಡುಗನನ್ನು ಮದುವೆಯಾದಳು. ಒಪ್ಪಿಗೆಯಾ ಅಂತ ಅವಳನ್ನು ಒಂದೇ ಸಲ ಕೇಳಿದರು. ಮೂರು ಸಲ ಕೇಳುವ ಪದ್ಧತಿಯನ್ನು ರಾಜ ತೆಗೆದುಹಾಕಿದ್ದ. ವೈದ್ಯನೂ ಮೊದಲ ಮಾತಿಗೇ ಬೇರು ಅರೆಯತೊಡಗಿದ. ಮಳೆ ಬಂತು, ಬೆಳೆ ಬಂತು, ಮನೆಮನೆಯಲ್ಲೂ ಜನ ಸುಖವಾಗಿದ್ದರು.

ಬೊಮ್ಮಣ್ಣನಿಗೆ ಅರಮನೆಯ ಸೌಟು ಮತ್ತೆ ಸಿಕ್ಕಿತು. ಅವನ ಸಾರಿನ ರುಚಿ ಹತ್ತೂರಿಗೆ ಹೆಸರಾಯಿತು. ಎಲೆಯ ಮುಂದೆ ಕೂತವರು "ಸಾಕು" ಅಂದರೆ ಅವನು ಸೌಟು ಎತ್ತಿಕೊಂಡು ಮುಂದಿನವರ ಕಡೆ ಹೋಗುತ್ತಿದ್ದ.

ವರ್ಷಕ್ಕೊಂದು ದಿನ, ದ್ಯಾವಮ್ಮ ಹೋದ ದಿನ, ಅವನು ಮನೆಯಲ್ಲಿ ಗಂಜಿ ಕಾಯಿಸುತ್ತಿದ್ದ. ಉಪ್ಪು ಹಾಕಿ, ಒಂದು ಹರಳು ನಾಲಗೆಯ ಮೇಲಿಟ್ಟುಕೊಂಡು, ಬಟ್ಟಲನ್ನು ತಾಯಿ ಮಲಗುತ್ತಿದ್ದ ಜಾಗದಲ್ಲಿ ಇಡುತ್ತಿದ್ದ. ನೀಲಿ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಗಂಜಿ ಆರುವವರೆಗೂ ಇಬ್ಬರೂ ಕೂತಿರುತ್ತಿದ್ದರು. ಆಮೇಲೆ ಬೊಮ್ಮಣ್ಣ, ಒಂದೇ ಒಂದು ಸಲ, "ಕರ್ಕೊಂಡು ಬಂದೆ ಅವ್ವ," ಅನ್ನುತ್ತಿದ್ದ.